ಒಮ್ಮೆ ಕೇಳು, ಸ್ತೋತ್ರ ಹೇಳು, ಬಾಯಿ ಮುಚ್ಚು

ನನ್ನ ಮಗಳಿಗೆ ಪ್ರಾರ್ಥನೆ ಕಲಿಸಿದವಳು ನಾನೇ. ಪಾಸ್ಟರಲ್ಲ, ಸಂಡೇಸ್ಕೂಲಿನ ಅಕ್ಕನಲ್ಲ, ನನ್ನ ಗಂಡನಂತೂ ಅಲ್ಲವೇ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಓದುತ್ತಾ ಹೋದಂತೆ ನಿಮಗೆ ಯಾರನ್ನಾದರೂ ಬೈಯಬೇಕು ಅನ್ನಿಸುತ್ತದೆ. ಬೈಯಿರಿ, ಬೇಡ ಅನ್ನುವುದಿಲ್ಲ. ಆದರೆ ಆಳು ತಪ್ಪಬಾರದು.

ನಾವಿರುವುದು ಸಿಂಧನೂರಿನಲ್ಲಿ, ಅಕ್ಕಿ ಗಿರಣಿಗಳ ಹಿಂದಿನ ಒಂದು ಓಣಿಯಲ್ಲಿ. ಗಂಡ ಗಿರಣಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾನೆ. ನಾನು ಮನೆಯ ಮುಂದಿನ ಖೋಲಿಯಲ್ಲಿ ಹೊಲಿಗೆ ಮಿಷನ್ ಹಾಕಿಕೊಂಡು ಜಂಪರು, ಲಂಗ, ಶಾಲೆಯ ಯೂನಿಫಾರ್ಮು ಹೊಲಿಯುತ್ತೇನೆ. ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಹಬ್ಬಕ್ಕೆ ಅವರು ಹೋಳಿಗೆ ಕೊಡುತ್ತಾರೆ, ಕ್ರಿಸ್ಮಸ್ಸಿಗೆ ನಾವು ಕೇಕು ಕೊಡುತ್ತೇವೆ. ಜಗಳ ಬಂದರೆ ಅದು ನಲ್ಲಿಯ ನೀರಿಗೆ ಬರುತ್ತದೆ, ದೇವರಿಗಲ್ಲ.

ನನ್ನ ತವರು ಲಿಂಗಸುಗೂರಿನ ಕಡೆ, ಗುರುಗುಂಟಾದಲ್ಲಿ. ನಮ್ಮಪ್ಪ ಅಲ್ಲಿನ ಚರ್ಚಿನ ಸಭೆಯ ಹಿರಿಯ. ಅವನು ಪ್ರಾರ್ಥನೆಗೆ ಕೂತರೆ ಊರು, ದೇಶ, ಮಳೆ, ಕುರಿ, ಸರಕಾರ ಎಲ್ಲವನ್ನೂ ಮುಗಿಸಿಯೇ ಏಳುತ್ತಿದ್ದ. ನಾವು ಮಕ್ಕಳು ಕಂಬಳಿಯ ಮೇಲೆ ಮೊಣಕಾಲೂರಿ ಕೂತು, ಕಾಲು ಜೋಮು ಹಿಡಿದು, ಒಬ್ಬರನ್ನೊಬ್ಬರು ಚಿವುಟುತ್ತಾ ಆಮೆನ್ ಬರುವುದನ್ನೇ ಕಾಯುತ್ತಿದ್ದೆವು. ಆದರೆ ಅಪ್ಪನ ಮಾತು ಮಾತ್ರ ಪುಸ್ತಕದ ಹಾಗೆ ಇರುತ್ತಿತ್ತು. ಪ್ರಾರ್ಥನೆ ಅಂದರೆ ಹಾಗೇ ಇರಬೇಕು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಮದುವೆಯಾಗಿ ಬಂದ ಮೇಲೆ ಅತ್ತೆಯ ಪ್ರಾರ್ಥನೆ ಕೇಳಿ ನಾನು ಗಾಬರಿಯಾಗಿದ್ದೆ. ಅತ್ತೆ ಜವಳಗೇರಾದವರು. ಓದು ಬರಹ ಇಲ್ಲ. ಸೊಂಟ ಬಗ್ಗಿಸಿ ಭತ್ತದ ಸಸಿ ಹಚ್ಚಿ ಹಚ್ಚಿ ಜೀವ ಸವೆಸಿದವರು. ಸಂಜೆ ಚಾಪೆ ಹಾಸಿ ಕುಟುಂಬ ಪ್ರಾರ್ಥನೆಗೆ ಕೂತರೆ ಅವರು ಶುರು ಮಾಡುತ್ತಿದ್ದದ್ದು ಹೀಗೆ: "ಯೇಸಪ್ಪಾ, ಮೊಣಕಾಲು ಹಿಡದಾವ. ಕುಂತರ ಏಳಾಕ ಬರಂಗಿಲ್ಲ, ಎದ್ದರ ಕುಂದ್ರಾಕ ಬರಂಗಿಲ್ಲ. ನಿನ್ನಿ ಹೇಳೀನಿ, ಮೊನ್ನಿ ಹೇಳೀನಿ. ನಿನಗ ಕಿವಿ ಅದಾವೋ ಇಲ್ಲೋ? ಇವತ್ತು ಮತ್ತ ಹೇಳಾಕತ್ತೀನಿ, ಕೇಳಸ್ಕೋ."

ಮುಂದೆ ನನ್ನ ಮಗಳು ಮಾತು ತಿಳಿಯುವಷ್ಟಾದಾಗ ಇದನ್ನು ಕೇಳಿ ಕಿಸಕ್ಕನೆ ನಗುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ದೇವರ ಹತ್ತಿರ ಯಾರಾದರೂ ಹೀಗೆ ಕಂದಾಯ ಕಚೇರಿಯ ಗುಮಾಸ್ತನ ಹತ್ತಿರ ಮಾತಾಡಿದಂತೆ ಮಾತಾಡುತ್ತಾರೆಯೇ?

ಮಗಳಿಗೆ ಏಳು ವರ್ಷ ಆಗಿದ್ದಾಗ ಮಸ್ಕಿಯಲ್ಲಿ ಮೂರು ದಿನದ ಪ್ರಾರ್ಥನಾ ಕೂಟ ನಡೆಯಿತು. ಶಾಮಿಯಾನ ಹಾಕಿ, ಹೊರಗಿನಿಂದ ಒಬ್ಬ ಪ್ರಸಂಗಿಯನ್ನು ಕರೆಸಿದ್ದರು. ನನಗಾಗ ಅರೆತಲೆನೋವು. ವಾರಕ್ಕೆರಡು ಸಲ ಬಂದು, ಕತ್ತಲೆ ಖೋಲಿಯಲ್ಲಿ ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗಬೇಕಾಗುತ್ತಿತ್ತು. ಆ ಪ್ರಸಂಗಿ ಹೇಳಿದ್ದು ಇಷ್ಟೇ. ದೇವರಿಗೆ ಒಂದೇ ಸಲ ಕೇಳಬೇಕು. ಕೇಳಿದ ಕೂಡಲೇ ಸಿಕ್ಕಿಬಿಟ್ಟಿದೆ ಎಂದು ನಂಬಿ ಸ್ತೋತ್ರ ಹೇಳಬೇಕು. ಆಮೇಲೆ ಆ ನೋವಿನ ಮಾತೇ ಎತ್ತಬಾರದು. ಎತ್ತಿದರೆ ಅದು ಅಪನಂಬಿಕೆ. ಹೋದದ್ದನ್ನು ಬಾಯಿಂದ ಕೂಗಿ ಕರೆದಂತೆ. ಆಗದೆ ಇದ್ದರೂ ಆಗಿದೆ ಎಂದು ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಬೇಕು. ನಾನು ಎದ್ದು ನಿಂತೆ. ತಲೆ ಸಿಡಿಯುತ್ತಿತ್ತು. "ನನ್ನ ತಲಿನೋವು ಹೋಗೈತಿ, ಸ್ತೋತ್ರ" ಅಂದೆ. ಜನ ಚಪ್ಪಾಳೆ ತಟ್ಟಿದರು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಆಮೇಲೆ ಎರಡು ತಿಂಗಳು ನನಗೆ ತಲೆನೋವು ಬರಲಿಲ್ಲ.

ಅಷ್ಟೇ ಸಾಕಾಯಿತು. ಕೂಟ ಮುಗಿದ ದಿನವೇ ಹೊಸದಾಗಿ ದೇವರನ್ನು ಕಂಡುಹಿಡಿದವಳ ಹಾಗೆ ಬಸ್ಸಿಳಿದು ಮನೆಗೆ ಬಂದಿದ್ದೆ. ಗಂಡನಿಗೆ ಹೇಳಿದರೆ ಅವನು "ಹೂಂ, ಛಲೋ ಆತು ಬಿಡು" ಅಂದು ಊಟಕ್ಕೆ ಕೂತ. ಅತ್ತೆಗೆ ಹೇಳಿದರೆ "ಮೊಣಕಾಲು ನೋಯ್ತಾವಂತ ನಾ ಯೇಸಪ್ಪಗ ಹೇಳದ ಮತ್ಯಾರಿಗೆ ಹೇಳಲಿ? ನಿಮ್ಮಪ್ಪಗ ಹೇಳಲೇನು?" ಅಂದರು. ದೊಡ್ಡವರು ಬಗ್ಗುವವರಲ್ಲ ಎಂದು ಗೊತ್ತಾಯಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಉಳಿದವಳು ಮಗಳು. ಅವಳನ್ನು ಬಗ್ಗಿಸಿದೆ.

ಒಮ್ಮೆ ಕೇಳು, ಸ್ತೋತ್ರ ಹೇಳು, ಬಾಯಿ ಮುಚ್ಚು. ಮಗ್ಗಿ ಕಲಿಸಿದ ಹಾಗೆ ಕಲಿಸಿದೆ. ಮೊಣಕಾಲು ತರಚಿಕೊಂಡು ಅಳುತ್ತಾ ಬಂದರೆ ಮೊದಲು ಗಾಯದ ಮೇಲೆ ಕೈ ಇಡಿಸಿ ಪ್ರಾರ್ಥನೆ ಮಾಡಿಸುವುದು, ಆಮೇಲೆ ಅರಿಶಿನ. ಪ್ರಾರ್ಥನೆ ಮುಗಿದ ಮೇಲೂ ಮೂಗೆಳೆದರೆ ನಾನು ಕಣ್ಣು ಬಿಡುತ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು "ನೋಯಾಕತ್ತೈತೇನು?" ಎಂದು ಕೇಳುತ್ತಿದ್ದೆ. ಅದು ಪರೀಕ್ಷೆ. "ಇಲ್ಲ ಮಮ್ಮಿ, ಸ್ತೋತ್ರ" ಅಂದರೆ ಡಬ್ಬಿಯಿಂದ ಒಂದು ಶೇಂಗಾ ಚಿಕ್ಕಿ. "ಸ್ವಲ್ಪ ನೋಯ್ತೈತಿ" ಅಂದರೆ ಚಿಕ್ಕಿ ಇಲ್ಲ, ಇನ್ನೊಂದು ಸಲ ಪ್ರಾರ್ಥನೆ. ಮಗು ಜಾಣೆ. ಎರಡೇ ವಾರದಲ್ಲಿ ಕಲಿತಳು.

ಒಂದು ಸಲ ಅವಳ ದವಡೆ ಹಲ್ಲು ನೋಯುತ್ತಿತ್ತು. ಕೆನ್ನೆ ಊದಿಕೊಂಡಿತ್ತು. ಅತ್ತೆ ಲವಂಗ ತಂದು ಬಾಯಿಗೆ ಇಡಲು ಹೋದರೆ ಇವಳು ತಲೆ ಅಲ್ಲಾಡಿಸಿ, "ಬ್ಯಾಡ ಅಜ್ಜಿ, ಹೋಗೈತಿ" ಅಂದಳು. ಅತ್ತೆ ನನ್ನ ಕಡೆ ತಿರುಗಿದರು.

"ಏನಬೇ, ಹುಡುಗಿಗೆ ಏನ್ ಕಲಿಸಾಕತ್ತೀದಿ ನೀ? ಕೂಸು ಅಳಲಿಲ್ಲಂದ್ರ ಹಡದ ತಾಯೀನೂ ಹಾಲು ಕೊಡಂಗಿಲ್ಲ."

"ಅತ್ತಿ, ಹುಡುಗಿ ಮುಂದ ಅಪನಂಬಿಕಿ ಮಾತು ಆಡಬ್ಯಾಡ್ರಿ" ಅಂದೆ. ಎಷ್ಟು ಜೋರಾಗಿ ಅಂದೆನೆಂದರೆ ಜಂಪರಿನ ಅಳತೆ ಕೊಡಲು ಬಂದಿದ್ದ ಪಕ್ಕದ ಮನೆಯಾಕೆ ಹೊರಗೇ ನಿಂತುಬಿಟ್ಟಳು.

ಆ ಹಲ್ಲು ಒಂದು ವಾರದ ಮೇಲೆ ತಾನೇ ಬಿತ್ತು. ಹಾಲು ಹಲ್ಲು, ಬೀಳಲೇಬೇಕಿತ್ತು. ಭಾನುವಾರ ಸಭೆಯಲ್ಲಿ ಮಗಳು ಎದ್ದು ನಿಂತು, ನಾನು ಬಾಯಿಪಾಠ ಮಾಡಿಸಿದ್ದ ಪುಸ್ತಕದ ಕನ್ನಡದಲ್ಲಿ ಸಾಕ್ಷಿ ಹೇಳಿದಳು. ಪಾಸ್ಟರ್ ಅವಳ ತಲೆ ಸವರಿ, ಈ ಮಗುವಿನ ನಂಬಿಕೆ ನಮಗೆಲ್ಲ ಇಲ್ಲವಲ್ಲ ಅಂದರು. ನಾನು ಕೂತಲ್ಲೇ ಒಂದು ಗೇಣು ಎತ್ತರವಾದೆ. ಸುಳ್ಳು ಯಾಕೆ ಹೇಳಲಿ, ಅದರಲ್ಲಿ ದೇವರ ಪಾಲಿಗಿಂತ ನನ್ನ ಪಾಲೇ ಹೆಚ್ಚಿತ್ತು. ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡುತ್ತೇನೆ. ರಗಳೆ ಮಾಡದ ಮಗು ಮನೆಯಲ್ಲಿದ್ದರೆ ಹೊಲಿಗೆಯವಳಿಗೆ ಬಹಳ ಅನುಕೂಲ. ಕೈಯಲ್ಲಿ ಕೆಲಸ ಇದ್ದಾಗ ಸೆರಗು ಜಗ್ಗುವವರಿಲ್ಲ, ಗೋಳಿಲ್ಲ. ಅದನ್ನು ನಾನು ಆಶೀರ್ವಾದ ಎಂದು ಕರೆಯುತ್ತಿದ್ದೆ.

ಅವಳಿಗೆ ಒಂಬತ್ತು ತುಂಬಿದ ವರ್ಷ, ಶಾಲೆಗಳು ಶುರುವಾದ ದಿನಗಳು. ಖೋಲಿಯ ತುಂಬ ನೀಲಿ ಬಟ್ಟೆಯ ರಾಶಿ. ಸೋಮವಾರ ಸಂಜೆ ಮಗಳು ರೊಟ್ಟಿ ಮುಟ್ಟಲಿಲ್ಲ. "ಶಾಲ್ಯಾಗ ಬಿಸಿಯೂಟ ಜಾಸ್ತಿ ಉಂಡೀನಿ" ಅಂದಳು. ಮಂಗಳವಾರ ಬೆಳಿಗ್ಗೆ ಬಚ್ಚಲಲ್ಲಿ ಬಹಳ ಹೊತ್ತು ನೀರು ಸುರಿಯುವ ಶಬ್ದ ಬರುತ್ತಿತ್ತು. ವಾಂತಿ ಮಾಡಿಕೊಂಡು ತಾನೇ ತೊಳೆಯುತ್ತಿದ್ದಳೆಂದು ಆಮೇಲೆ ತಿಳಿಯಿತು. ಸಂಜೆ ಶಾಲೆಯಿಂದ ಬಂದಾಗ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು.

"ಇಲ್ನೋಡಬೇ, ಹುಡುಗಿ ಬಗ್ಗಿ ನಡ್ಯಾಕತ್ತಾಳ. ಮಾರಿ ಬಾಡೈತಿ."

ನಾನು ಮಿಷನ್ನಿನ ಪೆಡಲಿನಿಂದ ಕಾಲು ತೆಗೆಯದೆಯೇ ಕೇಳಿದೆ. "ಏನಾಗೈತಿ?"

"ಏನಿಲ್ಲ ಮಮ್ಮಿ. ಸ್ತೋತ್ರ."

ಸ್ತೋತ್ರ ಅಂದಳು. ಏನೂ ಆಗದ ಮಗು ಯಾಕೆ ಸ್ತೋತ್ರ ಅನ್ನುತ್ತದೆ? ನಮ್ಮ ಮನೆಯಲ್ಲಿ ಆ ಪದ ನೋವಿನ ಬೆನ್ನಿಗೇ ಬರುತ್ತದೆಂದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು? ನಾನು ಸಮಾಧಾನ ಮಾಡಿಕೊಂಡು ಹೊಲಿಗೆ ಮುಂದುವರಿಸಿದೆ. ಅತ್ತೆ ಬಿಡಲಿಲ್ಲ. ದವಾಖಾನೆಗೆ ತೋರಿಸೋಣ, ನೀ ಬರದಿದ್ದರೆ ನಾನೇ ಆಟೋದಲ್ಲಿ ಒಯ್ಯುತ್ತೇನೆ ಅಂದರು. "ಕೈಕಾಲು ಗಟ್ಟಿ ಇರೋ ಹುಡುಗಿನ್ನ ಜಬರ್ದಸ್ತಿ ರೋಗಿ ಮಾಡಬ್ಯಾಡ್ರಿ" ಎಂದು ನಾನು ಹರಿಹಾಯ್ದೆ. ಅವರು ಮಗುವನ್ನು ಕರೆದು ಪಕ್ಕದಲ್ಲಿ ಮಲಗಿಸಿಕೊಂಡು, ಹೊಟ್ಟೆಯ ಮೇಲೆ ಕೈ ಆಡಿಸುತ್ತಾ ಏನೋ ಕೇಳುತ್ತಿದ್ದರು. ಮಗು ಇಲ್ಲ, ಇಲ್ಲ ಎಂದು ತಲೆಯಾಡಿಸುತ್ತಿತ್ತು.

ಬುಧವಾರ ಬೆಳಿಗ್ಗೆ, ಶಾಲೆಗೆ ಹೊರಡುವ ಹೊತ್ತಿಗೆ, ಅವಳು ನನ್ನ ಮಿಷನ್ನಿನ ಹತ್ತಿರ ಓಡಿಬಂದಳು. ಹಣೆಯ ಮೇಲೆ ಬೆವರು. ಮುಖದ ತುಂಬ ನಗು.

"ಮಮ್ಮೀ, ಹೋತು! ಪೂರಾ ಹೋತು!"

"ಏನು ಹೋತು?"

"ಹೊಟ್ಟಿನೋವು. ಸೋಮವಾರದಿಂದ ಬಾಳ ಇತ್ತು ಮಮ್ಮಿ. ಮೊದಲ ಹೊಕ್ಕಳ ಹತ್ರ ಇತ್ತು, ಆಮ್ಯಾಲೆ ಇಲ್ಲಿ ಬಲಕ್ಕ ಬಂತು. ನಾ ಒಂದ ಸಲ ಪ್ರಾರ್ಥನಾ ಮಾಡ್ದೆ, ಸ್ತೋತ್ರ ಹೇಳ್ದೆ, ಯಾರಿಗೂ ಹೇಳಲಿಲ್ಲ. ಅಜ್ಜಿ ಕೇಳಿದ್ರೂ ಹೇಳಲಿಲ್ಲ. ಈಗ ಹಲ್ಲುಜ್ಜುವಾಗ ಒಮ್ಮಿಗೇ ಹೋತು ನೋಡು!"

ನಾನು ಅವಳನ್ನು ಎದೆಗೆ ಅವುಚಿಕೊಂಡು ಅತ್ತುಬಿಟ್ಟೆ. ದುಃಖದಿಂದಲ್ಲ. ಇಂಥ ಮಗುವನ್ನು ನನಗೆ ಕೊಟ್ಟೆಯಲ್ಲ ಕರ್ತನೇ ಎಂದು. ಮೂರು ದಿನ ಮಗು ನನ್ನ ಕಣ್ಣೆದುರಿಗೇ ನರಳಿದೆ ಎಂಬ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಫೋನ್ ತೆಗೆದು ಪಾಸ್ಟರಿಗೆ ಹೇಳಿದೆ. ಶಾಲೆಗೆ ಕಳಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಾಸ್ಟರ್ ಬಂದರು, ಸಭೆಯ ಇಬ್ಬರು ಹೆಂಗಸರೂ ಬಂದರು. ಮಗುವನ್ನು ನಡುವೆ ಕೂರಿಸಿಕೊಂಡು ಹಾಡಿದೆವು, ಸ್ತುತಿ ಮಾಡಿದೆವು. ಒಂದು ತಾಸು ಆಗಿರಬೇಕು. ಮಗು ಗೋಡೆಗೆ ಒರಗಿ ಕಣ್ಣು ಮುಚ್ಚಿತ್ತು. ಭಕ್ತಿಯಿಂದ ಮುಚ್ಚಿದ್ದಾಳೆ ಅಂದುಕೊಂಡೆ.

ಅತ್ತೆ ಹಾಡಿನ ನಡುವೆಯೇ ತೆವಳಿಕೊಂಡು ಬಂದು ಅವಳ ಹಣೆ ಮುಟ್ಟಿದರು. "ಯವ್ವಾ, ಕೆಂಡ ಆಗ್ಯಾಳ!" ಎಂದು ಕೂಗಿದರು.

ಆಗಲೂ ನಾನು ಏನಂದೆ ಗೊತ್ತೇ? "ದಣದಾಳ, ಮಲಗಿದ್ರ ಸರಿ ಹೋಕ್ಕೈತಿ" ಅಂದೆ. ಪಾಸ್ಟರೇ ನನ್ನ ಮಾತನ್ನು ತಡೆದು, "ಸಿಸ್ಟರ್, ಜಲ್ದಿ ದವಾಖಾನಿಗೆ ನಡೀರಿ" ಎಂದು ಎದ್ದರು. ಎತ್ತಿಕೊಳ್ಳಲು ಹೋದರೆ ಮಗುವಿನ ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಆಟೋದಲ್ಲಿ ನನ್ನ ತೊಡೆಯ ಮೇಲೆ ಹಸಿರು ಬಣ್ಣದ ವಾಂತಿ ಮಾಡಿಕೊಂಡಳು. ಊರಿನ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಒಂದು ನಿಮಿಷವೂ ಇಟ್ಟುಕೊಳ್ಳದೆ ರಾಯಚೂರಿಗೆ ಬರೆದುಕೊಟ್ಟರು. ಗಂಡ ಗಿರಣಿಯಿಂದ ಹಾಗೇ ಬಂದ. ಮೊಣಕೈವರೆಗೂ ಭತ್ತದ ಹೊಟ್ಟಿನ ಬೂದಿ. ಆಂಬುಲೆನ್ಸಿನಲ್ಲಿ ಅವನು ಮಗಳ ಪಾದ ಹಿಡಿದು ಕೂತಿದ್ದ. "ನೋಯಾಕತ್ತೈತೇನು ಪುಟ್ಟಿ?" ಎಂದು ದಾರಿಯುದ್ದಕ್ಕೂ ಕೇಳಿದ. ಅವಳು ಪ್ರತಿಸಲವೂ ಮೊದಲು ನನ್ನ ಮುಖ ನೋಡಿ, ಆಮೇಲೆ ಇಲ್ಲ ಎಂದು ತಲೆಯಾಡಿಸಿದಳು.

ಆಪರೇಷನ್ ಮುಗಿಸಿ ಹೊರಗೆ ಬಂದ ಸರ್ಜನ್ನಿಗೆ ಸಿಟ್ಟು ಬಂದಿತ್ತು. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವು ತುಂಬಿದೆ, ತೊಳೆದಿದ್ದೇವೆ, ಎರಡು ದಿನ ಏನೂ ಹೇಳಲು ಬರುವುದಿಲ್ಲ ಅಂದರು.

"ಮೂರು ದಿನ ಆಗೈತಿ ಇದು. ಒಂಬತ್ತು ವರ್ಷದ ಹುಡುಗಿ, ಬಾಯಿ ಬಿಟ್ಟು ಒಂದ್ ಮಾತು ಹೇಳಿಲ್ಲೇನ್ರಿ?"

"ಇವತ್ತು ಬೆಳಿಗ್ಗಿ ಹೇಳಿದ್ಲುರಿ" ಅಂದೆ ನಾನು. "ನೋವು ಪೂರಾ ಹೋತು ಅಂತ ಹೇಳಿದ್ಲು."

ಅವರು ನನ್ನ ಕಡೆ ಪೂರ್ತಿ ತಿರುಗಿದರು. ಆಮೇಲೆ ದನಿ ಇಳಿಸಿ ಹೇಳಿದರು. "ಅಮ್ಮಾ, ಅದು ಒಡದಾಗ ನೋವು ಕಮ್ಮಿ ಆಕ್ಕೈತಿ. ಹೋತು ಅಂದ್ಲಲ್ಲ, ಅವಾಗ ಒಡದಿದ್ದು. ಅದರ ಹಿಂದಿನ ದಿನ ತಂದಿದ್ರ ಸಣ್ಣ ಆಪರೇಷನ್ ಇತ್ತು."

ಮಗುವಿನ ಹೊಟ್ಟೆಯೊಳಗೆ ವಿಷ ಹರಿಯುತ್ತಿದ್ದ ಹೊತ್ತಿನಲ್ಲಿ ನಾನು ಅವಳನ್ನು ನಡುವೆ ಕೂರಿಸಿಕೊಂಡು ಚಪ್ಪಾಳೆ ತಟ್ಟಿ ಹಾಡಿದ್ದೆ. ಇದನ್ನು ಎಷ್ಟು ಸಲ ಬರೆದು ಹೊಡೆದುಹಾಕಿದ್ದೇನೋ ಲೆಕ್ಕವಿಲ್ಲ. ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ಗಂಡ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀ ಕಲಿಸಿದ್ದು" ಅಂದ, ಅಷ್ಟೇ. ಹೋಗಿ ಮೆಟ್ಟಿಲ ಮೇಲೆ ಕೂತ. ಅತ್ತೆ ಮಾತ್ರ ಆಸ್ಪತ್ರೆಯ ಪಡಸಾಲೆಯಲ್ಲಿ ನೆಲಕ್ಕೆ ಕೂತು, ಎದೆ ಬಡಿದುಕೊಂಡು ಶುರು ಮಾಡಿದರು. "ಏ ಯೇಸಪ್ಪಾ, ಕೇಳಾಕತ್ತೀದೇನು? ನನ್ನ ಮೊಣಕಾಲು ಹಾಳಾಗಿ ಹೋಗಲಿ, ಅದನ್ನ ಬಿಡು. ಈ ಕೂಸು ಸಾಯಾಕತ್ತೈತಿ. ಅದಕ್ಕ ಹೇಳಾಕ ಬಾಯಿಲ್ಲ, ನಾ ಹೇಳಾಕತ್ತೀನಿ. ನೋಯಾಕತ್ತೈತೋ ಅದಕ್ಕ, ಬಾಳ ನೋಯಾಕತ್ತೈತಿ!" ನರ್ಸ್ ಬಂದು ಗದರಿಸಿದಳು. ಅತ್ತೆ ಕೇಳಲಿಲ್ಲ. ಆ ದಿನ ನಮ್ಮ ಮನೆಯಲ್ಲಿ ಪ್ರಾರ್ಥನೆ ಮಾಡಲು ಬಂದದ್ದು ಅವರೊಬ್ಬರಿಗೇ.

ಮಗಳು ಉಳಿದಳು. ನಾಲ್ಕನೆಯ ದಿನ ಕಣ್ಣು ಪೂರ್ತಿ ತೆರೆದಳು. ಮೂಗಿನಲ್ಲಿ ನಳಿಗೆ, ಹೊಟ್ಟೆಯಿಂದ ಇನ್ನೊಂದು ನಳಿಗೆ. ಯಾಕೆ ಹೇಳಲಿಲ್ಲ ಪುಟ್ಟಿ ಎಂದು ಅವಳ ಕಿವಿಯ ಹತ್ತಿರ ಕೇಳಿದೆ. "ಹೇಳಿದ್ರ ತಿರುಗಿ ಬರ್ತೈತಿ ಅಂತ ನೀನ ಹೇಳಿದ್ದೆಲ್ಲ" ಅಂದಳು. ಆಕ್ಷೇಪಣೆಯೇನೂ ಇರಲಿಲ್ಲ ಆ ದನಿಯಲ್ಲಿ. ಕೇಳಿದ ಪ್ರಶ್ನೆಗೆ ಸರಿಯುತ್ತರ ಹೇಳಿದ ಹಾಗಿತ್ತು.

ಗಾಯದ ಕೆಳಗಿನ ತುದಿಯನ್ನು ಹೊಲಿಯದೆ ಬಿಟ್ಟಿದ್ದರು, ಕೀವು ಹೊರಗೆ ಬರಲಿ ಎಂದು. ದಿನಕ್ಕೆರಡು ಸಲ ಡ್ರೆಸ್ಸಿಂಗು. ಒಳಗೆ ತುರುಕಿದ್ದ ಬಟ್ಟೆಯನ್ನು ಎಳೆದು ತೆಗೆಯುವಾಗ ಪಕ್ಕದ ಹಾಸಿಗೆಯ ದೊಡ್ಡ ಗಂಡಸು ತಾಯಿ ತಂದೆಯನ್ನೆಲ್ಲ ಕರೆದು ಚೀರುತ್ತಿದ್ದ. ನನ್ನ ಮಗಳು ಸೂರು ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದಳು. ಡ್ರೆಸ್ಸಿಂಗ್ ಮಾಡುವವನು "ಶಹಬ್ಬಾಸ್, ಎಂಥಾ ಗಟ್ಟಿ ಹುಡುಗಿ ನೋಡ್ರಿ" ಎಂದು ವಾರ್ಡಿಗೆಲ್ಲ ಹೇಳುತ್ತಿದ್ದ. ನಾನು ಹೊರಗೆ ಹೋಗಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದೆ.

ಮನೆಗೆ ಕಳಿಸುವ ದಿನ ಸರ್ಜನ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಇಷ್ಟು ಕೀವಾದ ಹೊಟ್ಟೆಯಲ್ಲಿ ಕರುಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಯಾವಾಗಲಾದರೂ, ವರ್ಷಗಳ ಮೇಲಾದರೂ, ಗಂಟು ಬಿದ್ದು ಕಟ್ಟಿಕೊಳ್ಳಬಹುದು. ಹೊಟ್ಟೆನೋವು ಬಂದರೆ ಅದೇ ತಾಸಿಗೆ ಬರಬೇಕು, ಮರುದಿನ ಅಂದರೆ ಜೀವ ಉಳಿಯುವುದಿಲ್ಲ. "ಅದಕ್ಕ ಮಷಿನ್ ಇಲ್ಲಮ್ಮಾ. ಆಕಿ ಹೇಳಬೇಕು, ನಿಮಗ ತಿಳೀಬೇಕು. ಅಷ್ಟ."

ಇಷ್ಟಾದ ಮೇಲೆ ಭಾನುವಾರ ಬಂತು. ಸಾಕ್ಷಿ ಹೇಳುವ ಭಾನುವಾರ.

ಮಗಳು ಸಾಕ್ಷಿ ಹೇಳಲಿ ಎಂದು ಪಾಸ್ಟರ್ ಹಿಂದಿನ ದಿನವೇ ಮನೆಗೆ ಬಂದು ಕೇಳಿದ್ದರು. ಒಳ್ಳೆಯ ಮನುಷ್ಯ. ಆಸ್ಪತ್ರೆಯಲ್ಲಿ ರಕ್ತ ಬೇಕಾದಾಗ ಮೊದಲು ತೋಳು ಚಾಚಿದವರು ಅವರು. ಸಭೆಯ ಹೆಂಗಸರು ಹದಿನೈದು ದಿನ ಸರದಿಯ ಮೇಲೆ ಸಿಂಧನೂರಿನಿಂದ ಬಸ್ಸಿನಲ್ಲಿ ನಮಗೆ ರೊಟ್ಟಿ ಕಟ್ಟಿಕೊಂಡು ಬಂದಿದ್ದರು. "ದೇವರು ಉಳಿಸಿದ್ದಂತೂ ಖರೇ ಅಲ್ಲೇನ್ ಸಿಸ್ಟರ್?" ಎಂದು ಅವರು ಕೇಳಿದರೆ ನಾನು ಏನನ್ನಲಿ? ಖರೆಯೇ. ಆದರೆ ನಾನೂ ಎದ್ದು ನಿಲ್ಲಬೇಕು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎಂದು ತೀರ್ಮಾನ ಮಾಡಿಕೊಂಡಿದ್ದೆ. ನಿಮ್ಮ ಮಕ್ಕಳಿಗೆ ಇದನ್ನು ಕಲಿಸಬೇಡಿ, ನೋವಾದರೆ ಅಳಲು ಬಿಡಿ ಎಂದು ಹೇಳಬೇಕು. ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದೆ.

ಮಗಳು ಎದ್ದಳು. ನಾನು ಹೊಲಿದುಕೊಟ್ಟ ಬಿಳಿ ಫ್ರಾಕು ಸಡಿಲವಾಗಿ ತೂಗುತ್ತಿತ್ತು. "ನನಗೆ ಬಹಳ ನೋವು ಬಂದಿತ್ತು. ನಾನು ನಂಬಿಕೆಯಿಂದ ಒಂದೇ ಸಲ ಪ್ರಾರ್ಥಿಸಿದೆನು. ಯಾರಿಗೂ ಹೇಳಲಿಲ್ಲ. ಕರ್ತನು ನೋವನ್ನು ತೆಗೆದುಹಾಕಿದನು. ಆಮೇಲೆ ಆಪರೇಷನ್ ಆಯಿತು, ಆಗಲೂ ನನಗೆ ನೋವಾಗಲಿಲ್ಲ. ಕರ್ತನಿಗೆ ಸ್ತೋತ್ರ." ಜನ ಹಲ್ಲೆಲೂಯಾ ಅಂದರು. ಹಿಂದಿನ ಸಾಲಿನಲ್ಲಿ ಯಾರೋ ಅತ್ತರು. ಒಬ್ಬ ತಾಯಿ ತನ್ನ ಪುಟ್ಟ ಮಗನ ಕಿವಿಯಲ್ಲಿ, ನೋಡು, ಆ ಅಕ್ಕನ ಹಾಗೆ ಇರಬೇಕು ಅಂದದ್ದು ನನಗೆ ಕೇಳಿಸಿತು.

ಆಗ ನಾನು ಏಳಬೇಕಿತ್ತು. ಏಳಲಿಲ್ಲ. ನಾಲಿಗೆ ಒಣಗಿತು, ಕಾಲು ನಡುಗಿದವು ಎಂದೆಲ್ಲ ಬರೆಯಬಹುದು, ಆದರೆ ಅದು ಸುಳ್ಳು. ನಾಲಿಗೆ ಕಾಲು ಎರಡೂ ನೆಟ್ಟಗಿದ್ದವು. ಧೈರ್ಯ ಇರಲಿಲ್ಲ. ಅಷ್ಟು ಜನರ ಮುಂದೆ ಮಗಳನ್ನು ಸುಳ್ಳಿಯನ್ನಾಗಿ ಮಾಡಲೇ ಎಂದು ನನಗೆ ನಾನೇ ಒಂದು ನೆಪ ಕೊಟ್ಟುಕೊಂಡೆ. ಪಕ್ಕದಲ್ಲಿ ಕೂತ ಅತ್ತೆ ನನ್ನ ತೊಡೆಯನ್ನು ಎರಡು ಸಲ ತಿವಿದರು. ನಾನು ಕಣ್ಣು ಮುಚ್ಚಿಕೊಂಡೆ.

ಆಮೇಲೆ ಮನೆಯಲ್ಲಿ ನಿಧಾನಕ್ಕೆ ಬಿಡಿಸಿದರಾಯಿತು ಅಂದುಕೊಂಡೆ. ಹೊಲಿದದ್ದನ್ನು ಬಿಚ್ಚುವುದು ನನಗೆ ಹೊಸದಲ್ಲವಲ್ಲ. ದಿನವೂ ಕೇಳುತ್ತಿದ್ದೆ. ಹೊಟ್ಟೆ ಹ್ಯಾಂಗೈತಿ? ತಲಿ ನೋಯ್ತೈತೇನು? ನೋವಿದ್ರ ಹೇಳು, ಬೈಯಂಗಿಲ್ಲ. ಅವಳು "ಆರಾಮ ಅದೀನಿ ಮಮ್ಮಿ" ಅನ್ನುತ್ತಿದ್ದಳು. ಅದು ನಿಜವೋ ಅಲ್ಲವೋ ತಿಳಿಯುವ ದಾರಿ ನನಗಿರಲಿಲ್ಲ. ಸ್ನಾನ ಮಾಡಿಸುವ ನೆಪದಲ್ಲಿ ಹೊಟ್ಟೆ ಒತ್ತಿ ಒತ್ತಿ ಮುಖ ನೋಡುತ್ತಿದ್ದೆ. ಮುಖವೂ ಏನೂ ಹೇಳುತ್ತಿರಲಿಲ್ಲ.

ಹೋದ ತಿಂಗಳು ಅವಳಿಗೆ ಹೊಸ ಲಂಗ ಹೊಲಿಯಬೇಕಿತ್ತು. ಈಗ ಅವಳಿಗೆ ಹನ್ನೊಂದು ವರ್ಷ. ಸಂಜೆ ನಾಲ್ಕೂವರೆಯ ಬಿಸಿಲು ಖೋಲಿಯೊಳಗೆ ಬಿದ್ದಿತ್ತು. ಟೇಪು ಹಿಡಿದು ಸೊಂಟದಿಂದ ಕೆಳಗೆ ಅಳೆಯುತ್ತಾ ಬಂದೆ. ಮೊಣಕಾಲಿನ ಕೆಳಗೆ ಹಳೆಯ ಲಂಗದ ಬಟ್ಟೆ ಕಾಲಿಗೆ ಅಂಟಿಕೊಂಡಿತ್ತು. ಬಿಡಿಸಿದರೆ ಚರ್ಮವೂ ಜೊತೆಗೆ ಬಂತು. ಅರ್ಧ ಅಂಗೈಯಷ್ಟು ಅಗಲ ಸುಟ್ಟು, ಬೊಬ್ಬೆ ಒಡೆದು, ಅಂಚಿನಲ್ಲಿ ಹಳದಿ ಕೀವು. ಅಪ್ಪನ ಬೈಕಿನ ಸೈಲೆನ್ಸರ್ ತಾಗಿತ್ತಂತೆ, ನಾಲ್ಕು ದಿನದ ಹಿಂದೆ. ನಾಲ್ಕು ದಿನ ಅದರ ಮೇಲೆ ಲಂಗ ತೊಟ್ಟು ಶಾಲೆಗೆ ನಡೆದುಕೊಂಡು ಹೋಗಿ ಬಂದಿದ್ದಾಳೆ. ಗಂಡನಿಗೂ ಗೊತ್ತಿಲ್ಲ.

"ಇದು ನೋಯಂಗಿಲ್ಲೇನು?"

"ಇಲ್ಲ ಮಮ್ಮಿ."

"ಖರೇ ಹೇಳು."

"ಖರೇನ ಇಲ್ಲ. ಸ್ತೋತ್ರ."

ನನ್ನ ಕೈ ಎದ್ದಿತು. ಕೆನ್ನೆಗೆ ಬಾರಿಸಿದೆ. ಜನ್ಮದಲ್ಲಿ ಅವಳನ್ನು ಹಾಗೆ ಹೊಡೆದಿರಲಿಲ್ಲ. "ಅಳಬೇ! ನೋವಾತಿಲ್ಲ? ಅಳು! ನೋವಾತು ಅನ್ನು!" ಎಂದು ಓಣಿಗೆಲ್ಲ ಕೇಳುವ ಹಾಗೆ ಚೀರಿದೆ. ಕೆನ್ನೆಯ ಮೇಲೆ ನನ್ನ ಬೆರಳು ಮೂಡಿದ್ದವು. ಅವಳ ಕಣ್ಣಲ್ಲಿ ನೀರು ತುಂಬಿತು, ಬೀಳಲು ಬಿಡಲಿಲ್ಲ. ತುಟಿ ಅಲ್ಲಾಡುತ್ತಿತ್ತು. ಅತ್ತೆ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು, "ಹುಚ್ಚಿ ಆಗೀಯೇನಬೇ? ಕಲಿಸಾಕೂ ನೀನ, ಹೊಡ್ಯಾಕೂ ನೀನ?" ಎಂದು ನನ್ನ ಕೈ ಹಿಡಿದರು.

ನಾನು ಕೆಳಗೆ ಕೂತೆ. ಬಟ್ಟೆಯ ತುಂಡುಗಳ ನಡುವೆ, ಅವಳ ಕಾಲ ಹತ್ತಿರ. ಎರಡೂ ಕೈ ಹಿಡಿದುಕೊಂಡು, ಸಭೆಯಲ್ಲಿ ಹೇಳದೆ ಹೋದದ್ದನ್ನೆಲ್ಲ ಹೇಳಿದೆ. ನಾ ಕಲಿಸಿದ್ದು ತಪ್ಪು ಪುಟ್ಟಿ. ಅವತ್ತು ನಿನ್ನ ನೋವು ಹೋಗಿರಲಿಲ್ಲ, ಒಳಗ ಒಡದಿತ್ತು. ನೋವಾದ್ರ ಹೇಳೋದು ಅಪನಂಬಿಕಿ ಅಲ್ಲ. ನಿಮ್ಮಜ್ಜಿ ಹೇಳ್ತಾಳಲ್ಲ, ಹಂಗ ಹೇಳು. ದೇವರಿಗೂ ಹೇಳು, ನನಗೂ ಹೇಳು. ಮುಂದ ಹೊಟ್ಟಿನೋವು ಬಂದು ನೀ ಸುಮ್ನಿದ್ರ ಸತ್ತುಹೋಗ್ತೀದಿ. ನನಗ ಹೆದರಿಕಿ ಆಗಾಕತ್ತೈತಿ. ನನ್ನ ತಪ್ಪು, ನನ್ನ ತಪ್ಪು ಎಂದು ಅವಳ ಅಂಗೈಗೆ ಹಣೆ ಒತ್ತಿಕೊಂಡು ಅತ್ತುಬಿಟ್ಟೆ.

ಅವಳು ಎಲ್ಲವನ್ನೂ ಕೇಳಿದಳು. ತಲೆ ಎತ್ತಿ ನೋಡಿದರೆ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಭಯವೂ ಇರಲಿಲ್ಲ. ಕನಿಕರ ಇತ್ತು. ಜ್ವರದಲ್ಲಿ ಏನೇನೋ ಬಡಬಡಿಸುವವರನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಆಮೇಲೆ ಸುಟ್ಟ ಕಾಲನ್ನು ಮಡಚಿ, ನನ್ನ ಎದುರಿಗೆ ಮೊಣಕಾಲೂರಿದಳು. ಬಲಗೈಯನ್ನು ನನ್ನ ತಲೆಯ ಮೇಲೆ ಇಟ್ಟು ಕಣ್ಣು ಮುಚ್ಚಿದಳು.

"ಪ್ರಿಯ ಕರ್ತನೇ, ನಮ್ಮ ಅಮ್ಮನ ಅಪನಂಬಿಕೆಯನ್ನು ಕ್ಷಮಿಸು. ಆಕೆ ಬಹಳ ಹೆದರಿದ್ದಾಳೆ. ಆಕೆಯ ಭಯವನ್ನು ನೀನು ಈಗಾಗಲೇ ತೆಗೆದುಹಾಕಿದ್ದೀ ಎಂದು ನಂಬಿ ನಿನಗೆ ಸ್ತೋತ್ರ ಮಾಡುತ್ತೇನೆ. ಇನ್ನು ಮೇಲೆ ಈ ಮಾತನ್ನು ನಾನು ಎತ್ತುವುದಿಲ್ಲ."

ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಇಷ್ಟು ಚೆನ್ನಾಗಿ ನಮ್ಮಪ್ಪನೂ ಪ್ರಾರ್ಥನೆ ಮಾಡಿದವನಲ್ಲ.

ಅಷ್ಟು ಹೇಳಿ ಅವಳು ಕಾದಳು. ನಮ್ಮ ಮನೆಯಲ್ಲಿ ಒಬ್ಬರು ಪ್ರಾರ್ಥಿಸಿದರೆ ಆಮೆನ್ ಅನ್ನಬೇಕಾದವರು ಇನ್ನೊಬ್ಬರು. ಅವರು ಅನ್ನುವವರೆಗೂ ಕಣ್ಣು ತೆರೆಯುವಂತಿಲ್ಲ. ಸುಟ್ಟ ಗಾಯ ಒರಟು ನೆಲಕ್ಕೆ ಒತ್ತಿತ್ತು. ಅದರಿಂದ ತೆಳ್ಳಗೆ ರಕ್ತ ಇಳಿಯುತ್ತಿತ್ತು. ನಾನು ಅನ್ನದೆ ಇದ್ದರೆ ಅವಳು ಹಾಗೇ ಕೂತಿರುತ್ತಾಳೆ, ಕತ್ತಲಾಗುವವರೆಗೂ ಕೂತಿರುತ್ತಾಳೆ ಎಂದು ನನಗೆ ಗೊತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತು, ಬೇಡ, ಅನ್ನಬೇಡ ಎಂದು ನನಗೆ ಕೈಸನ್ನೆ ಮಾಡುತ್ತಿದ್ದರು.

ನಾನು ಆಮೆನ್ ಅಂದೆ.